ಆಸ್ಪತ್ರೆಯಲ್ಲಿ ಬೀಳುವುದು ಹಣೆಬರಹವಲ್ಲ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಇದೇ ಶಾಲೆಯಲ್ಲಿ ಓದಿ, ಬಿ.ಇ. ಮುಗಿಸಿ, ಈಗ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಕಂಪ್ಯೂಟರ್ ಬಗ್ಗೆ ಮಾತನಾಡಪ್ಪ ಎಂದು ಮೇಷ್ಟ್ರು ಹೇಳಿದ್ದರು. ಅದಕ್ಕೆ ಮೊದಲು ನಮ್ಮಜ್ಜಿಯ ವಿಷಯ ಹೇಳುತ್ತೇನೆ.

ಅಜ್ಜಿ ಜ್ವರವೆಂದು ಆಸ್ಪತ್ರೆ ಸೇರಿದ್ದರು. ಮೂರನೆಯ ರಾತ್ರಿ ಒಬ್ಬರೇ ಎದ್ದು ಹೋಗಿ, ಶೌಚಾಲಯದ ಬಾಗಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಂಚದ ಪಕ್ಕ ಚಾಪೆ ಹಾಸಿ ಮಲಗಿದ್ದವನು ನಾನೇ. “ನಿದ್ದೆ ಮಾಡ್ತಿದ್ದೆ, ಯಾಕ್ ಏಳಿಸ್ಲಿ ಅಂತ ಸುಮ್ನಾದೆ ಕಣ್ಲಾ” ಎಂದರು. ಜ್ವರ ವಾಸಿಯಾಯಿತು. ಅಜ್ಜಿ ಮತ್ತೆ ಮೊದಲಿನಂತೆ ನಡೆಯಲಿಲ್ಲ.

ಮುಂದೆ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕೆಲಸದಲ್ಲಿ ಮೋರ್ಸ್ ಪಟ್ಟಿಯನ್ನು ನೋಡಿದೆ. ಜಾನಿಸ್ ಮೋರ್ಸ್ ಎಂಬುವರು 1980ರ ದಶಕದಲ್ಲಿ ರೂಪಿಸಿದ ಇದರಲ್ಲಿ ನರ್ಸ್‌ಗಳು ರೋಗಿಗೆ ಅಂಕ ಕೊಡುತ್ತಾರೆ. ಇತ್ತೀಚೆಗೆ ಬಿದ್ದಿದ್ದರೆ 25. ಇನ್ನೊಂದು ಕಾಯಿಲೆಯೂ ಇದ್ದರೆ 15. ಕೋಲು ಹಿಡಿದು ನಡೆದರೆ 15, ಮಂಚ ಕುರ್ಚಿ ಹಿಡಿದು ನಡೆದರೆ 30. ಡ್ರಿಪ್ಸ್ ಹಾಕಿದ್ದರೆ 20. ಹೆಜ್ಜೆ ತೀರ ತಡವರಿಸಿದರೆ 20. ತನ್ನ ಕೈಲಿ ಎಷ್ಟಾಗುತ್ತದೆ ಎಂಬುದು ಮರೆತವರಿಗೆ 15. ಒಟ್ಟು 125. ವಿದ್ಯಾರ್ಥಿಗಳೇ, ಈ ಪರೀಕ್ಷೆಯಲ್ಲಿ ಅಂಕ ಹೆಚ್ಚಿದಷ್ಟೂ ಅಪಾಯ. ಸಾಮಾನ್ಯವಾಗಿ 45 ದಾಟಿದರೆ ಎಚ್ಚರ ವಹಿಸುತ್ತಾರೆ.

ಅಜ್ಜಿಗೆ ಅಂಕ ಹಾಕಿ ನೋಡಿದೆ. ಸಕ್ಕರೆ ಕಾಯಿಲೆ ಇತ್ತು, ಡ್ರಿಪ್ಸ್ ಇತ್ತು, ಮಂಚ ಕುರ್ಚಿ ಹಿಡಿದೇ ನಡೆಯುತ್ತಿದ್ದರು. ಅದೇ ತಿಂಗಳು ಹಿತ್ತಲಲ್ಲಿ ಒಮ್ಮೆ ಜಾರಿ ಬಿದ್ದಿದ್ದರು. ಒಟ್ಟು 90. ಹಿತ್ತಲಲ್ಲಿ ಬಿದ್ದದ್ದನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಹಣೆಬರಹ ಎಂದು ಸುಮ್ಮನಾಗಿದ್ದೆವು.

ಪಟ್ಟಿಯಲ್ಲಿಲ್ಲದ ಕಾರಣಗಳೂ ಇವೆ. ನಿದ್ದೆ ಮಾತ್ರೆ, ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ. ಒದ್ದೆ ನೆಲ, ಸವೆದ ಚಪ್ಪಲಿ, ಕತ್ತಲೆ. ಮಲಗಿದ್ದವರು ತಟ್ಟನೆ ಎದ್ದರೆ ಬಿ.ಪಿ. ಇಳಿದು ತಲೆ ಸುತ್ತುತ್ತದೆ.

ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಿರಲಿ, ಮಂಡ್ಯದ ಮಿಮ್ಸ್ ಇರಲಿ, ರಾತ್ರಿ ರೋಗಿಯ ಪಕ್ಕ ಇರುವವರು ಮನೆಯವರೇ. ಹಾಗಾಗಿ ಇಷ್ಟು ಮಾಡಿ. ಸೇರಿಸುವಾಗಲೇ, ಹಿಂದೆ ಬಿದ್ದಿದ್ದರೆ ಸಿಸ್ಟರ್‌ಗೆ ಹೇಳಿ. ಮಲಗುವ ಮುಂಚೆ ಒಮ್ಮೆ ಶೌಚಾಲಯಕ್ಕೆ ಕರೆದುಕೊಂಡು ಹೋಗಿ. ನೀರು, ಕನ್ನಡಕ, ಕೋಲು ಕೈಗೆಟುಕುವಂತಿರಲಿ. ಏಳುವ ಮುಂಚೆ ಮಂಚದ ಮೇಲೆ ಸ್ವಲ್ಪ ಹೊತ್ತು ಕೂರಿಸಿ.

ಕಂಪ್ಯೂಟರ್ ಅಂಕ ಕೂಡಿಸುತ್ತದೆ, ಕೈ ಹಿಡಿದು ನಡೆಸುವುದಿಲ್ಲ. ಆದ್ದರಿಂದ ಮಕ್ಕಳೇ, ಅಜ್ಜಿಯ ಪಕ್ಕ ಮಲಗುವಾಗ, “ಎಷ್ಟೊತ್ತಾದ್ರೂ ಎಬ್ಬಿಸಜ್ಜಿ, ಬೇಜಾರಿಲ್ಲ” ಎಂದು ಹೇಳಿಯೇ ಮಲಗಿ. ನಾನು ಅಂದು ಅದೊಂದು ಮಾತು ಹೇಳಿರಲಿಲ್ಲ.