ಶೆಡ್ಡಿನ ಮೋರಿಸ್‌ಗೆ ಮೊದಲು ಬಡಿಗ ಬೇಕು

ಹಿತ್ತಲಿನ ಶೆಡ್ಡಿನಲ್ಲಿ, ಹೊಟ್ಟಿನ ಚೀಲಗಳ ಹಿಂದೆ, ಗಾಲಿ ಕುಸಿದು ಕೂತ ಹಳೆಯ ಬ್ರಿಟಿಷ್ ಕಾರು ಕಂಡರೆ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಬಾಗಿಲನ್ನು. ಅದನ್ನು ತೆರೆದು, ತುದಿ ಹಿಡಿದು ಮೆಲ್ಲಗೆ ಎತ್ತಬೇಕು. ಬಿಜಾಗರಿ ಬಿಗಿಯಾಗಿದ್ದೂ ಕಂಬವೇ ಅಲುಗಿದರೆ ಒಳಗಿನ ಮರ ಕೊಳೆತಿದೆ.

ಹೌದು, ಮರ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಸಲೂನ್ ಕಾರುಗಳ ಮೈ ಆ್ಯಶ್ ಮರದ ಚೌಕಟ್ಟಿಗೆ ಬಡಿದ ತಗಡು. ಇಡೀ ಉಕ್ಕಿನ ಮೈಯನ್ನು ಅಚ್ಚೊತ್ತುವ ಪ್ರೆಸ್ಡ್ ಸ್ಟೀಲ್ ಕಾರ್ಖಾನೆ 1926ರಲ್ಲಿ ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ ಹುಟ್ಟಿತಾದರೂ ಮರ ಒಮ್ಮೆಗೇ ಮಾಯವಾಗಲಿಲ್ಲ.

ಆ ಕಾರುಗಳ ಎಂಜಿನ್ನನ್ನು ರೂಪಿಸಿದ್ದು ತೆರಿಗೆ. 1921ರಿಂದ ಬ್ರಿಟನ್ನಿನಲ್ಲಿ ಹಾರ್ಸ್‌ಪವರಿಗೆ ಒಂದು ಪೌಂಡಿನಂತೆ ಕರ. ಆ ಹಾರ್ಸ್‌ಪವರ್ ಎಂಜಿನ್ನಿನ ನಿಜವಾದ ಶಕ್ತಿಯಲ್ಲ. ಸಿಲಿಂಡರು ಎಷ್ಟು ಅಗಲ, ಎಷ್ಟಿವೆ ಎಂಬುದರ ಲೆಕ್ಕ ಮಾತ್ರ. ಹಾಗಾಗಿ ಸಿಲಿಂಡರು ಸಪೂರವಾಯಿತು, ಪಿಸ್ಟನ್ನಿನ ಓಟ ಉದ್ದವಾಯಿತು. 1922ರ ಆಸ್ಟಿನ್ ಸೆವೆನ್ ಹೆಸರಿನ ಏಳು ಇದೇ ಲೆಕ್ಕದ್ದು. ಮೋರಿಸ್ ಏಟ್‌ನ ಸಿಲಿಂಡರು 57 ಮಿಲಿಮೀಟರ್ ಅಗಲ, ಓಟ 90; ನಾಲ್ಕೂ ಸೇರಿ 918 ಸಿಸಿ. ಬ್ರಿಟಿಷರ ಖಜಾನೆಯ ಈ ನಿಯಮವೇ ನಮ್ಮ ಕಚ್ಚಾ ದಾರಿಗಳಿಗೂ ಆ ಪುಟ್ಟ ಎಂಜಿನ್ನುಗಳನ್ನು ಕಳಿಸಿತು.

ಈ ವಂಶ ಯುದ್ಧದೊಂದಿಗೆ ಮುಗಿಯಲಿಲ್ಲ. 1942ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೋಟರ್ಸ್, ಯುದ್ಧಪೂರ್ವದ ಮೋರಿಸ್ ಟೆನ್ ಕಾರನ್ನೇ ಹಿಂದೂಸ್ತಾನ್ 10 ಎಂದು ತಯಾರಿಸಿತು. ಮುಂದೆ ಮೋರಿಸ್ ಆಕ್ಸ್‌ಫರ್ಡ್ ಇಲ್ಲಿ ಅಂಬಾಸಿಡರ್ ಆಗಿ 2014ರವರೆಗೆ ಬಾಳಿತು.

ಅಳ್ನಾವರದವರಿಗೆ ಕಾರಿನೊಳಗಿನ ಮರದ ಈ ಕಥೆ ಹತ್ತಿರದ್ದು. ದಾಂಡೇಲಿಯ ಕಾಡಿನ ಕಟ್ಟಿಗೆ ರೈಲಿನಲ್ಲಿ ಹಾದುಹೋದ ಜಂಕ್ಷನ್ ಇದು. ಆ್ಯಶ್ ನಮ್ಮ ಸೀಮೆಯ ಮರವಲ್ಲ, ಸಾಗವಾನಿ ನಮ್ಮದು. ದುರಸ್ತಿಗೆ ಅದನ್ನು ಬಳಸಬಹುದು. ಕೊಳೆತ ತುಂಡನ್ನು ಮಾತ್ರ ಯಾರೂ ಎಸೆಯಬಾರದು. ಹೊಸ ತುಂಡಿಗೆ ಅದೇ ಅಳತೆ. ಪುಡಿಯಾಗಿದ್ದರೂ ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡರೆ ಬಡಿಗನಿಗೆ ಸಾಕು.

ಎಂಜಿನ್ ಅಲುಗದಂತೆ ಬಿಗಿ ಹಿಡಿದಿದ್ದರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವುದು ದೊಡ್ಡ ಅನ್ಯಾಯ. ಪ್ಲಗ್ ಬಿಚ್ಚಿ, ತೆಳುವಾದ ಎಣ್ಣೆ ಹೊಯ್ದು, ಕೆಲವು ದಿನ ಬಿಟ್ಟು, ಹ್ಯಾಂಡಲ್‌ನಿಂದ ಹಿಂದೆಮುಂದೆ ಆಡಿಸಬೇಕು.

ಕಾನೂನೂ ಈಗ ಜೊತೆಗಿದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ದಿನನಿತ್ಯದ ಓಡಾಟಕ್ಕೆ ಮಾತ್ರ ಅನುಮತಿಯಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನಕ್ಕಾಗಿ ಓಡಿಸಬಹುದು. ಉಳಿಸಿಕೊಂಡ ಕಾರು ಹೇಗಿರುತ್ತದೆ ಎಂದು ನೋಡಬೇಕಾದವರು ಧರ್ಮಸ್ಥಳದ ವಾಹನ ಸಂಗ್ರಹಕ್ಕೋ ಶ್ರೀರಂಗಪಟ್ಟಣ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೋ ಹೋಗಬೇಕು.

ಕೇಳುಗರೇ, ನಿಮ್ಮ ಮನೆಯಲ್ಲೋ ಬೀಗರ ವಾಡೆಯಲ್ಲೋ ಇಂಥ ಕಾರು ನಿಂತಿದ್ದರೆ ಗುಜರಿಯವರನ್ನು ಕರೆಯಬೇಡಿ. ಟ್ರಂಕಿನಲ್ಲಿ ಅದರ ಕಾಗದಪತ್ರ ಹುಡುಕಿ, ಚಾಸಿ ಸಂಖ್ಯೆ ಬರೆದಿಡಿ, ಈ ಮಳೆಗಾಲಕ್ಕೆ ಮುಂಚೆ ಶೆಡ್ಡಿನ ಮೇಲಿನ ತಗಡು ಸೋರದಂತೆ ಮಾಡಿ.