ಹೊಳೆ ದಾಟಲು ಹಳೆಯ ಮೋಟಾರು ದೋಣಿ ಕೊಳ್ಳುವಾಗ



ಎತ್ತು ಕೊಳ್ಳುವುದು ಹೇಗೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತೀರಿ. ಹಳೆಯ ಮೋಟಾರು ದೋಣಿ ಕೊಳ್ಳಲು ಹೊರಟಾಗ ಮಾತ್ರ ಅದೇ ಜಾಣರು ಬಣ್ಣ ನೋಡಿ, ಎಂಜಿನ್ನಿನ ಸದ್ದು ಕೇಳಿ, ಮುಂಗಡ ಕೊಟ್ಟು ಬಂದುಬಿಡುತ್ತಾರೆ. ಬೇರೆಯವರನ್ನು ಯಾಕೆ ಹೇಳಲಿ, ನಾನೇ ಹಾಗೆ ಮಾಡಿದವನು.

ಗಂಗೊಳ್ಳಿಯ ಹತ್ತಿರ ಸೌಪರ್ಣಿಕಾ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡಿ ಸಮುದ್ರ ಸೇರುವ ಜಾಗ ನಿಮ್ಮಲ್ಲಿ ಹಲವರಿಗೆ ಗೊತ್ತು. ಬೆಳಿಗ್ಗೆ ನೋಡಿದರೆ ನೀರು ಗದ್ದೆಯಂತೆ ಮಟ್ಟಸ. ಮಧ್ಯಾಹ್ನ ಕಳೆದು ಕಡಲ ಗಾಳಿ ಎದ್ದಿತೆಂದರೆ ಕಥೆಯೇ ಬೇರೆ. ಅದರಲ್ಲೂ ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಪಡುವಣಕ್ಕೆ ಓಡುತ್ತಿರುತ್ತದೆ, ಗಾಳಿ ಪಡುವಣದಿಂದ ಎದುರು ಬರುತ್ತದೆ. ಎರಡೂ ಮುಖಾಮುಖಿಯಾದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತವೆ. ದೋಣಿಗೆ ಇಂಥ ನೀರು ದೂರದ ದೊಡ್ಡ ಅಲೆಗಿಂತ ಕಷ್ಟ. ಒಂದು ಅಲೆಯಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಬಡಿಯುತ್ತದೆ.

ನಾನು ಕೊಂಡ ದೋಣಿ ತಳ ಚಪ್ಪಟೆಯದು. ಬೆಳಿಗ್ಗೆ ಏಳು ಗಂಟೆಗೆ ಓಡಿಸಿ ನೋಡಿದೆ, ಬೆಣ್ಣೆಯಲ್ಲಿ ಕತ್ತಿ ಓಡಿದ ಹಾಗೆ ಓಡಿತು. ಮಾರುವವರು ಬೆಳಿಗ್ಗೆಯೇ ಬನ್ನಿ ಎಂದು ಯಾಕೆ ಹೇಳಿದರು ಎಂದು ಆಗ ಹೊಳೆಯಲಿಲ್ಲ. ಹದಿನೈದು ದಿನ ಕಳೆದು, ಅಮ್ಮನನ್ನೂ ಅಕ್ಕನ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಸಂಜೆ ನಾಲ್ಕಕ್ಕೆ ಹೊರಟೆ. ನಡುಹೊಳೆಯಲ್ಲಿ ದೋಣಿಯ ಮುಂಗಡೆ ಎದ್ದು ಎದ್ದು ಬೀಳತೊಡಗಿತು, ಒಂದೊಂದು ಬಡಿತಕ್ಕೂ ಸೊಂಟ ಮುರಿದಂತೆ. ಹೆದರಿ ವೇಗ ಪೂರ್ತಿ ಇಳಿಸಿದೆ. ಅದೂ ತಪ್ಪಾಯಿತು. ಹಿಂದಿನಿಂದ ಬರುತ್ತಿದ್ದ ನಮ್ಮದೇ ಅಲೆ, ಎಂಜಿನ್ ಕೂರಿಸಲು ತಗ್ಗಿಸಿ ಕೊರೆದಿದ್ದ ಹಿಂಬದಿಯ ಹಲಗೆಯ ಮೇಲೆ ಹಾದು ಒಳಗೇ ಬಂತು. ಅಮ್ಮ ಮಾತಾಡಲಿಲ್ಲ. ಮಡಿಲಲ್ಲಿದ್ದ ತಾಮ್ರದ ಚೊಂಬಿನಿಂದ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲಿದರು. ದಡ ಮುಟ್ಟಿದ ಮೇಲೆ ಒಂದೇ ಮಾತು ಹೇಳಿದರು: “ಇದನ್ನು ಮಾರು ಮಗ, ಆದರೆ ಮಕ್ಕಳಿರುವವರಿಗೆ ಮಾರಬೇಡ.”

ಆ ದೋಣಿಯಿಂದ ಕಲಿತದ್ದನ್ನೇ ಇವತ್ತು ಹೇಳುತ್ತೇನೆ.

ಮೊದಲು ತಳದ ಆಕಾರ. ಚಪ್ಪಟೆ ತಳದ ದೋಣಿ ನಿಂತ ನೀರಿನಲ್ಲಿ ಅಲುಗುವುದಿಲ್ಲ, ಮೊಣಕಾಲುದ್ದ ನೀರಿದ್ದರೂ ಮನೆಯ ಮೆಟ್ಟಿಲಿಗೇ ಬರುತ್ತದೆ. ಎಂಜಿನ್ ಹಾಕಿ ಅಲೆಯ ಮೇಲೆ ಓಡಿಸಿದರೆ ಮಾತ್ರ ಬಡಿಯುತ್ತದೆ. ನೇಗಿಲ ಗುಳದಂತೆ ಚೂಪಾದ ತಳದ್ದು ಅಲೆಯನ್ನು ಸೀಳಿಕೊಂಡು ಮೆತ್ತಗೆ ಹೋಗುತ್ತದೆ. ಆದರೆ ನಿಂತಾಗ ಆಚೀಚೆ ಹೊಯ್ದಾಡುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ, ಇಳಿತದಲ್ಲಿ ಕೆಸರಿಗೆ ಕೂತು ಬಿಡುತ್ತದೆ. ನಮ್ಮ ಹೊಳೆಬಾಯಿಗೆ ಎರಡರ ನಡುವಿನದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮುಂಗಡೆ ಚೂಪಾಗಿ, ಎತ್ತರವಾಗಿ ಇರಬೇಕು. ಹಿಂದೆ ಬರುತ್ತ ಬರುತ್ತ ತಳ ಅಗಲವಾಗಿ ಮಟ್ಟಸವಾಗಬೇಕು. ದೋಣಿಯನ್ನು ದಡಕ್ಕೆ ಎಳೆಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡಿದರೆ ಇದು ತಾನಾಗಿ ಕಾಣುತ್ತದೆ. ದಡಕ್ಕೆ ಎಳೆಯಲು ಒಪ್ಪದವರ ದೋಣಿಯನ್ನು ಕೊಳ್ಳುವುದೇ ಬೇಡ.

ಅದಕ್ಕಿಂತ ದೊಡ್ಡದು ಅಂಚಿನ ಎತ್ತರ. ಖಾಲಿ ದೋಣಿಯ ಎತ್ತರ ನೋಡಿ ಸಮಾಧಾನಪಡಬೇಡಿ. ನಿಮ್ಮ ಮನೆಯಲ್ಲಿ ಎಂಟು ಜನರಿದ್ದರೆ ಎಂಟು ಜನರ ತೂಕದ ಮರಳಿನ ಚೀಲ ಹಾಕಿಸಿ, ಪೇಟೆಯಿಂದ ತರುವ ಅಕ್ಕಿ, ಹಿಂಡಿಯ ತೂಕವನ್ನೂ ಸೇರಿಸಿ. ಆಮೇಲೂ ನೀರಿನಿಂದ ಅಂಚಿಗೆ ಒಂದು ಮೊಳ ಉಳಿಯಬೇಕು. ಅಂಚು ಅತಿ ತಗ್ಗಾಗಿರುವುದು ಸಾಮಾನ್ಯವಾಗಿ ಹಿಂದೆ, ಎಂಜಿನ್ ಕೂರುವ ಕಡೆ. ಅಲ್ಲೇ ಅಳೆಯಿರಿ. ಆ ತಗ್ಗಿನ ಮುಂದೆ ಒಳಗಡೆ ಇನ್ನೊಂದು ಅಡ್ಡಗೋಡೆ ಇದ್ದು, ಹಾರಿ ಬಂದ ನೀರು ತೂತುಗಳಿಂದ ಹೊರಗೆ ಹೋಗುವಂತಿದ್ದರೆ ಅಂಥ ದೋಣಿಗೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಇನ್ನೊಂದು ಪರೀಕ್ಷೆ: ಎದೆಮಟ್ಟದ ನೀರಿನಲ್ಲಿ ದೋಣಿ ಕಟ್ಟಿಸಿ, ಈಜು ಬರುವ ನಾಲ್ಕಾರು ಹುಡುಗರನ್ನು ಒಂದೇ ಮಗ್ಗುಲಿಗೆ ಕೂರಿಸಿ ನೋಡಿ. ದಡ ಹತ್ತಿರ ಬಂದಾಗ ಜನ ಮಾಡುವುದೇ ಅದು, ಎಲ್ಲರೂ ಒಂದೇ ಕಡೆಗೆ ಏಳುತ್ತಾರೆ.

2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದವರ ದೋಣಿ ಮಗುಚಿ 16 ಜನ ಜೀವ ಕಳೆದುಕೊಂಡರು. ನಡೆದದ್ದು ಮಳೆಗಾಲದಲ್ಲಿ ಅಲ್ಲ, ಹಗಲು ಹೊತ್ತಿನಲ್ಲಿ.

ಇನ್ನು ಮೈ ಪರೀಕ್ಷೆ. ಮರದ ದೋಣಿಯಾದರೆ ಚೀಲ ಹೊಲಿಯುವ ದಬ್ಬಳ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಹಲಗೆಗಳ ಸಂದಿನಲ್ಲಿ, ತಳದ ದಿಂಡಿನ ಪಕ್ಕದಲ್ಲಿ ಒತ್ತಿ ನೋಡಿ. ಗಟ್ಟಿ ಮರ ದಬ್ಬಳವನ್ನು ತಡೆಯುತ್ತದೆ. ಲಡ್ಡಾದ ಮರ ಪಪ್ಪಾಯಿಯಂತೆ ಒಳಗೆ ಬಿಟ್ಟುಕೊಳ್ಳುತ್ತದೆ. ಉಪ್ಪುನೀರಿನ ಹುಳು ಹೊರಗೆ ಸೂಜಿ ಮೊನೆಯಷ್ಟು ತೂತು ಮಾಡಿ ಒಳಗೆ ಬೆರಳು ದಪ್ಪ ತಿಂದಿರುತ್ತದೆ. ಮಾರುವ ಮುಂಚೆ ಹೊಸದಾಗಿ ದಪ್ಪ ಬಣ್ಣ ಬಳಿದಿದ್ದರೆ ಅನುಮಾನಪಡಿ. ಫೈಬರ್ ದೋಣಿಯಾದರೆ ರೂಪಾಯಿ ನಾಣ್ಯದಿಂದ ಅಲ್ಲಲ್ಲಿ ತಟ್ಟಿ. ಒಳ್ಳೆಯ ಮಡಕೆಯಂತೆ ಟಣ್ ಎಂದರೆ ಸರಿ, ಒದ್ದೆ ಗೋಡೆಯಂತೆ ದಬ್ ಎಂದರೆ ಒಳಗೆ ಪದರ ಬಿಟ್ಟಿದೆ ಅಥವಾ ನೀರು ಸೇರಿದೆ. ನೆಲದ ಕೆಳಗೆ ತುಂಬಿದ ತೇಲುವ ಫೋಮು ಹಳತಾದರೆ ನೀರು ಹೀರಿಕೊಳ್ಳುತ್ತದೆ. 15 ಲೀಟರಿನ 20 ಕೊಡ ನೀರು ಹೀರಿತೆನ್ನಿ, 300 ಕಿಲೋ ಆಯಿತು. ಕಣ್ಣಿಗೆ ಕಾಣದ ಐದು ಜನ ನಿಮ್ಮ ಜೊತೆ ದಿನವೂ ಪ್ರಯಾಣ ಮಾಡಿದಂತೆ.

ಹೊರಗೆ ತೂಗುವ ಎಂಜಿನ್ ಇದ್ದರೆ ಅದರ ಕಾಲನ್ನು ಹಿಡಿದು ಬಲವಾಗಿ ಮೇಲೆ ಕೆಳಗೆ ಅಲುಗಿಸಿ. ಎಂಜಿನ್ ಜೊತೆ ಹಿಂಬದಿಯ ಹಲಗೆಯೂ ಬಾಗಿದರೆ ಒಳಗಿನ ಮರ ಕೊಳೆತಿದೆ. ಅದನ್ನು ರಿಪೇರಿ ಮಾಡಿಸುವ ಖರ್ಚು ಸಣ್ಣದಲ್ಲ.

ಎಂಜಿನ್ ವಿಷಯ ಮೆಕ್ಯಾನಿಕ್ಕಿಗೆ ಬಿಡಿ. ಆದರೂ ಮೂರು ಸಂಗತಿ ನೀವೇ ನೋಡಬಹುದು. ನೀವು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು, ಮುಟ್ಟಿ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟ್ ಆಗುವ ಕಷ್ಟವನ್ನು ಮುಚ್ಚಿಟ್ಟಿದ್ದಾರೆಂದು ತಿಳಿಯಿರಿ. ಓಡುವಾಗ ಪಕ್ಕದ ಸಣ್ಣ ತೂತಿನಿಂದ ನೀರು ಬಿಡದೆ ಚಿಮ್ಮುತ್ತಿರಬೇಕು, ಇಲ್ಲವಾದರೆ ಎಂಜಿನ್ನಿಗೆ ತಂಪು ಸಾಲದು. ಕೆಳಗಿನ ಗೇರ್ ಎಣ್ಣೆಯನ್ನು ಎರಡು ಹನಿ ಬಿಚ್ಚಿಸಿ ನೋಡಿ, ಹಾಲು ಬೆರೆತ ಚಹಾದಂತಿದ್ದರೆ ಒಳಗೆ ನೀರು ಹೊಕ್ಕಿದೆ. ಪೆಟ್ರೋಲ್ ಎಂಜಿನ್ ದೋಣಿಯ ಹೊಟ್ಟೆಯೊಳಗೇ ಇದ್ದರೆ, ಮುಚ್ಚಳ ತೆಗೆದು ವಾಸನೆ ನೋಡದೆ ಸ್ಟಾರ್ಟ್ ಮಾಡಲೇಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ.

ಕಾಗದಪತ್ರ ಕೇಳಲು ಸಂಕೋಚ ಬೇಡ. 1917ರ ಹಳೆಯ ಕಾನೂನಿನ ಜಾಗದಲ್ಲಿ ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಎಂಜಿನ್ನಿನಿಂದ ಓಡುವ ದೋಣಿಗೆ ನೋಂದಣಿ ಮತ್ತು ತಪಾಸಣೆಯ ಪತ್ರ ಬೇಕು. ನೆರೆಮನೆಯವರಿಂದ ಕಾಸು ತೆಗೆದುಕೊಂಡು ದಾಟಿಸುವ ವಿಚಾರವಿದ್ದರೆ, ಕೊಳ್ಳುವ ಮೊದಲೇ ಬಂದರು ಕಚೇರಿಗೆ ಹೋಗಿ ಕೇಳಿ.

ಕಳೆದ ವರ್ಷ ನಮ್ಮ ಪಕ್ಕದ ಕುದ್ರುವಿನ ಒಂದು ಮನೆಯವರು ದೋಣಿ ನೋಡಲು ನನ್ನನ್ನೂ ಕರೆದರು. ಎರಡು ದೋಣಿಗಳಿದ್ದವು. ಒಂದು ಹೊಳೆಯುವ ನೀಲಿ ಬಣ್ಣದ್ದು, ದೊಡ್ಡ ಎಂಜಿನ್ನು, ಮೆತ್ತನೆಯ ಸೀಟು. ಇನ್ನೊಂದು ಬಣ್ಣ ಮಾಸಿದ್ದು, ಎಂಜಿನ್ನೂ ಸಣ್ಣದು, ಆದರೆ ಅಗಲವಾಗಿ, ಅಂಚು ಎತ್ತರವಾಗಿ ಇತ್ತು. ಮನೆಯ ಯಜಮಾನರ ಕಣ್ಣು ನೀಲಿಯ ಮೇಲೆ. ಅವರ ಹೆಂಡತಿ ಮಾತ್ರ, “ಸಂಜೆ ನಾಲ್ಕು ಗಂಟೆಗೆ ಗಾಳಿ ಎದ್ದ ಮೇಲೆ ಎರಡರಲ್ಲೂ ಒಂದೊಂದು ಸಲ ಹೋಗಿ ಬರುವ, ಆಗದಾ ಮಾರಾಯ್ರೆ?” ಎಂದರು. ನೀಲಿ ದೋಣಿಯವರು ಆವತ್ತು ಬಿಡುವಿಲ್ಲ ಎಂದರು. ಮಾಸಿದ ದೋಣಿಯಲ್ಲಿ ಒಂಬತ್ತು ಜನ ಹೊರಟೆವು. ಅಲೆಗೆ ಓರೆಯಾಗಿ ಹಿಡಿದು, ವೇಗ ತಗ್ಗಿಸಿ, ಹಿಂದಿನ ಅಲೆ ಮೇಲೆ ಬರದಷ್ಟು ಮಾತ್ರ ಎಳೆತ ಇಟ್ಟುಕೊಂಡು ಹೊಳೆ ದಾಟಿದೆವು. ಸೀರೆಯ ಅಂಚು ಒದ್ದೆಯಾಯಿತು, ಅಷ್ಟೇ.

ಅದನ್ನೇ ಕೊಂಡರು. ಉಳಿದ ದುಡ್ಡಿನಲ್ಲಿ ಒಂಬತ್ತು ಜೀವರಕ್ಷಕ ಜಾಕೆಟ್ ತಂದರು, ಅದರಲ್ಲಿ ಮೂರು ಮಕ್ಕಳ ಅಳತೆಯವು. ದೊಡ್ಡವರದನ್ನು ಮಕ್ಕಳಿಗೆ ಹಾಕಿದರೆ ನೀರಿಗೆ ಬಿದ್ದಾಗ ತಲೆಯ ಮೇಲಿಂದ ಜಾರಿಹೋಗುತ್ತದೆ. ಒಂದು ಜೊತೆ ಹುಟ್ಟು, ಲಂಗರು, ಹಗ್ಗವನ್ನೂ ದೋಣಿಯಲ್ಲೇ ಇಟ್ಟಿದ್ದಾರೆ. ನೀರು ಮೊಗೆಯಲು ನಾನೇ ಒಂದು ತಾಮ್ರದ ಚೊಂಬು ಕೊಟ್ಟೆ.