ಸುಮ್ಮನೆ ಎಂಬ ಸುಮ್ಮನಲ್ಲದ ಮಾತು



ಹದಿನೈದು ದಿನದ ಹಿಂದೆ ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಮನೆಯ ಹಿರಿಯರು ಫೋನು ಮಾಡಿ, "ಏನು ವಿಷಯ ಮಾತಾಡ್ತೀರಿ ಸಾರ್?" ಎಂದರು. "ಸುಮ್ಮನೆ" ಎಂದೆ. ಆ ಕಡೆ ಕೊಂಚ ಹೊತ್ತು ಸದ್ದಿಲ್ಲ. ಆಮೇಲೆ, "ಸುಮ್ನೆ ಅಂದ್ರೆ ಹೆಂಗ್ ಸಾರ್, ಕರಪತ್ರಕ್ಕೆ ಒಂದು ವಿಷಯ ಬೇಕಲ್ಲ" ಎಂದರು. ವಿಷಯವೇ ಅದು ಎಂದು ಬಿಡಿಸಿ ಹೇಳಬೇಕಾಯಿತು. ನಾನು ಒಂದು ಪದ ಹೇಳಿದ್ದೆ, ಅವರಿಗೆ 'ಏನೂ ಇಲ್ಲ' ಎಂದು ಕೇಳಿಸಿತ್ತು. ಇಂದಿನ ಉಪನ್ಯಾಸ ಅಲ್ಲೇ ಶುರುವಾಯಿತು ಎನ್ನಬಹುದು.

ಮೌನ ಬೇರೆ, ಸುಮ್ಮನೆ ಬೇರೆ

ಸದ್ದಡಗುವುದಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ಮೌನವಿದೆ, ನಿಶ್ಶಬ್ದವಿದೆ, ತೆಪ್ಪಗೆ, ಗಪ್ಪಗೆ ಇವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ನೋಡಿ. 'ಸುಮ್ನೆ ಕೊಟ್ಟ' ಎಂದರೆ ದುಡ್ಡು ತೆಗೆದುಕೊಳ್ಳಲಿಲ್ಲ. 'ಮೌನವಾಗಿ ಕೊಟ್ಟ' ಎಂದರೆ ಮನಸ್ಸಿನಲ್ಲಿ ಏನೋ ಇದೆ. 'ತೆಪ್ಪಗೆ ಕೊಟ್ಟ' ಎಂದರೆ ಹೆದರಿ ಕೊಟ್ಟ. ತುಳುವಿನವರು ಸುಮ್ಮನಿರುವುದಕ್ಕೆ 'ಮನಿಪಂದೆ' ಎನ್ನುತ್ತಾರೆ. ಮಾತಾಡದೆ ಎಂಬುದು ಆ ಪದದ ಹೊಟ್ಟೆಯಲ್ಲೇ ಇದೆ. ನಮ್ಮ 'ಸುಮ್ಮನೆ'ಗೆ ಮಾತಿನ ಹಂಗೇ ಇಲ್ಲ. ಇರಬೇಕಾದ ಏನೋ ಒಂದು ಇಲ್ಲ, ಅಷ್ಟನ್ನೇ ಅದು ಹೇಳುತ್ತದೆ. ಮಾತಿಲ್ಲದಿದ್ದರೆ 'ಸುಮ್ನೆ ಕೂತವ್ನೆ'. ಕೆಲಸವಿಲ್ಲದಿದ್ದರೆ 'ಸುಮ್ನೆ ಅಲೀತಾನೆ'. ಬೆಲೆಯಿಲ್ಲದಿದ್ದರೆ 'ಸುಮ್ನೆ ಸಿಕ್ತು'. ಕಾರಣವಿಲ್ಲದಿದ್ದರೆ 'ಸುಮ್ನೆ ಬೈದ'. ನಿಜವಿಲ್ಲದಿದ್ದರೆ 'ಸುಮ್ನೆ ಅಂದೆ ಕಣೋ, ಅಳಬೇಡ'. ಇಲ್ಲದ್ದು ಯಾವುದು ಎಂಬುದನ್ನು ಕೇಳುವವನು ತುಂಬಿಕೊಳ್ಳಬೇಕು.

ಇನ್ನೊಂದು ಚೋದ್ಯವಿದೆ. ಪದವನ್ನು ಎರಡು ಸಲ ಹೇಳಿದರೆ ಅರ್ಥ ಹೆಚ್ಚುವ ಬದಲು ಕಡಿಮೆಯಾಗುತ್ತದೆ. 'ಸುಮ್‌ಸುಮ್ನೆ ನಗ್ತಾಳೆ' ಎನ್ನುತ್ತೇವೆ, 'ಸುಮ್‌ಸುಮ್ನೆ ಕೂತ್ಕೋ' ಎಂದು ಯಾರೂ ಮಗುವನ್ನು ಗದರಿಸುವುದಿಲ್ಲ. ಜೋಡಿಯಾದೊಡನೆ ಮೌನ ಜಾರಿಹೋಗಿ ಕಾರಣವಿಲ್ಲದಿರುವುದು ಮಾತ್ರ ಉಳಿಯುತ್ತದೆ.

ನೆರೆಹೊರೆ

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಈ ಪದ ಇದೆ. ಬರೋ ಮತ್ತು ಎಮಿನೊ 1961ರಲ್ಲಿ ಹೊರತಂದ ದ್ರಾವಿಡ ನಿಷ್ಪತ್ತಿ ಕೋಶ ಇದನ್ನು ತಮಿಳಿನ 'ಸುಮ್ಮಾ' ಜೊತೆ ಒಂದೇ ಮನೆಯಲ್ಲಿ ಕೂರಿಸಿದೆ. ಮಲಯಾಳಿಗಳ 'ಚುಮ್ಮಾ' ಕೂಡ ಇದೇ ಬಳ್ಳಿಯದು. ತಿರುವಣ್ಣಾಮಲೆಯ ರಮಣ ಮಹರ್ಷಿಗಳು ಬಂದವರಿಗೆ ಉಪದೇಶವಾಗಿ ಹೇಳುತ್ತಿದ್ದುದು 'ಸುಮ್ಮಾ ಇರು' ಎಂದು. ನಮ್ಮಮ್ಮಂದಿರು ದಿನಕ್ಕೆ ಹತ್ತು ಸಲ ಹೇಳುವ 'ಸುಮ್ಕಿರು' ಅಲ್ಲಿ ವೇದಾಂತ!

ಅಷ್ಟು ದೂರ ಹೋಗುವುದೂ ಬೇಡ. ಬಹುಪಾಲು ಆಂಧ್ರದಿಂದ ಸುತ್ತುವರಿದ ನಮ್ಮ ಪಾವಗಡಕ್ಕೆ ಬನ್ನಿ. ಅಲ್ಲಿನ ತೆಲುಗಿನಲ್ಲಿ ಬಾಯಿ ಮುಚ್ಚು ಅನ್ನುವುದಕ್ಕೆ 'ಊರಕುಂಡು', ಕೆಲಸವಿಲ್ಲದೆ ಬಂದೆ ಅನ್ನುವುದಕ್ಕೆ 'ಊರಕೆ ವಚ್ಚಿನಾ', ಪುಕ್ಕಟೆ ಕೊಟ್ಟ ಅನ್ನುವುದಕ್ಕೆ 'ಊರಕೆ ಇಚ್ಚಿನಾಡು'. ಬೇರು ಬೇರೆ, ನಡೆ ಒಂದೇ. 1687ರಿಂದ ಮೊಗಲರ ಸುಬಾ ಆಗಿದ್ದ ಸಿರಾದ ಗಲ್ಲಿಗಳಲ್ಲಿ, ಯಾಕೆ ಬಂದಿರಿ ಎಂದರೆ ದಖನಿ ಉರ್ದುವಿನಲ್ಲಿ 'ಐಸೆಚ್' ಎನ್ನುವವರಿದ್ದಾರೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ಭಾಷೆ ಬದಲಾದರೂ, ಕೆಲಸವಿಲ್ಲದೆ ಬಂದೆ ಎಂದು ಹೇಳಿಕೊಳ್ಳುವ ಸಂಕೋಚ ಬದಲಾಗುವುದಿಲ್ಲ.

ಯಾರು ಯಾರಿಗೆ ಹೇಳಿದ್ದು

ಪೆಟ್ಟಾದ ಮಗುವನ್ನು ಮಡಿಲಿಗೆ ಎಳೆದುಕೊಂಡು ಅಜ್ಜಿ ಹೇಳುವ 'ಸುಮ್ಕಿರು ಮಗ' ಔಷಧಿ. ಅದನ್ನೇ ಪಂಚಾಯ್ತಿ ಕಟ್ಟೆಯಲ್ಲಿ ದೊಡ್ಡವರು ಬಡವನಿಗೆ ಹೇಳಿದರೆ ಬೀಗ. ಹೆಂಗಸರು ಬಾಯಿ ತೆರೆದೊಡನೆ 'ನೀನ್ ಸುಮ್ನಿರು, ನಿಂಗ್ ಗೊತ್ತಾಗಲ್ಲ' ಅನ್ನುವುದನ್ನು ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲೇ ಕೇಳಿದ್ದೇವೆ. ಕೆಲವರು ಹೇಳಿಯೂ ಇದ್ದೇವೆ.

ಈ ಪದಕ್ಕೆ 'ಅಲ್ಲ', 'ಇಲ್ಲ' ಸೇರಿದಾಗ ನೋಡಬೇಕು ಅದರ ಕಸುವು. 'ಹಿರಿಯರು ಸುಮ್ಮನೆ ಹೇಳಿಲ್ಲ' ಎಂದರೆ ಗಾದೆಗೆ ಆಧಾರ ಬಂತು. 'ಮಗಳ ಮದುವೆ ಅಂದ್ರೆ ಸುಮ್ನೇನಾ?' ಎಂದರೆ ಅಪ್ಪನ ಹೆಗಲ ಭಾರ ಕಾಣಿಸಿತು. 'ಸುಮ್ನೆ ಬಿಡಲ್ಲ' ಎಂದರೆ ಜಗಳ ಠಾಣೆ ಮೆಟ್ಟಿಲು ಹತ್ತಿತು. ಬಾಯಿಗೆ ಹಾಕುವ ಬೀಗವೂ ಇದೇ ಪದ, ಬೀಗ ಒಡೆಯುವ ಸುತ್ತಿಗೆಯೂ ಇದೇ ಪದ.

ಸುಮ್ಮನಿರುವ ನೆಲ, ಸುಮ್ಮನಿರುವ ಕೆರೆ

ನಮ್ಮ ಕಡೆ 'ಹೊಲ ಸುಮ್ನೆ ಬಿಟ್ಟವ್ರೆ' ಎಂದರೆ ಅದೊಂದು ಬೈಗುಳ. ಮಳೆ ಕೈಕೊಟ್ಟು ಕಡಲೇಕಾಯಿ ಒಣಗಿದರೂ ಮುಂದಿನ ವರ್ಷ ಮತ್ತೆ ಬಿತ್ತಿದವರ ಸೀಮೆ ಇದು. ಅಂಥ ಸೀಮೆಯ, ಪಾವಗಡದ ಕಡೆಯ ತಿರುಮಣಿ ಸುತ್ತ ಈಗ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಜಮೀನು ರೈತರದೇ, ಗುತ್ತಿಗೆಗೆ ಕೊಟ್ಟದ್ದು. ಮೊದಲ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಉಳುವಂತಿಲ್ಲ, ಬಿತ್ತುವಂತಿಲ್ಲ. ನೆಲ ಸುಮ್ಮನಿದ್ದೇ ದುಡಿಯುತ್ತದೆ, ದುಡಿದ ಕೈ ಸುಮ್ಮನೆ ಕೂತಿರುತ್ತದೆ. ಈ ವಾಕ್ಯದ ಎರಡು 'ಸುಮ್ಮನೆ'ಗಳನ್ನು ಬೇರೆ ಭಾಷೆಗೆ ದಾಟಿಸುವವರಿಗೆ ಎರಡು ಪದ ಬೇಕಾದೀತು.

ಇನ್ನು ನಿಮ್ಮ ಮದಲೂರಿನ ಕೆರೆ. ಗೊರೂರಿನಿಂದ ಹೊರಟ ಹೇಮಾವತಿ ಕಳ್ಳಂಬೆಳ್ಳ, ಸಿರಾ ಕೆರೆಗಳನ್ನು ಮುಟ್ಟಿ ಆಮೇಲೆ ಮದಲೂರಿಗೆ ಬರಬೇಕು. 2020ರ ನವೆಂಬರ್ 3ರ ಸಿರಾ ಉಪಚುನಾವಣೆಯಲ್ಲಿ ರಾಜ್ಯವೆಲ್ಲ ಕೇಳಿದ ಹೆಸರು ಮದಲೂರು ಕೆರೆಯದೇ. ಆಗಿನ ಮುಖ್ಯಮಂತ್ರಿಗಳು ಕೆರೆ ತುಂಬಿಸುವುದಾಗಿ ಇಲ್ಲಿ ಮಾತು ಕೊಟ್ಟರು. ಕೆರೆ ಸುಮ್ಮನೆ ಬಿದ್ದಿತ್ತು ನಿಜ, ಊರು ಸುಮ್ಮನಿರಲಿಲ್ಲ. ತೂಬು, ಕೋಡಿ, ಏರಿ ಬಲ್ಲವರು ಕೇಳುತ್ತಲೇ ಇದ್ದುದರಿಂದ ಅದು ಚುನಾವಣೆಯ ಮಾತಾಯಿತು.

ಕೊನೆಗೆ ಒಂದು ತಪ್ಪೊಪ್ಪಿಗೆ

ಹಲವು ವರ್ಷಗಳ ಹಿಂದಿನ ಮಾತು. ಬೆಳಿಗ್ಗೆ ನಮ್ಮೂರಿನ ಹಿರಿಯರೊಬ್ಬರು ಮನೆಗೆ ಬಂದರು. ಟವೆಲಿನಿಂದ ಜಗಲಿ ಒದರಿ ಕೂತರು. "ಏನಣ್ಣ, ಬೆಳಿಗ್ಗೆ ಬೆಳಿಗ್ಗೇನೆ?" ಎಂದೆ. "ಸುಮ್ನೆ ಬಂದೆ ಕಣಪ್ಪ, ಹಿಂಗೇ" ಎಂದರು. ಕಾಫಿ ಕುಡಿದರು. ಮಳೆ ಮಾತಾಯಿತು, ಕಾಯಿ ರೇಟಿನ ಮಾತಾಯಿತು. ಲೋಟವನ್ನು ಎರಡು ಸಲ ಎತ್ತಿ ಎರಡು ಸಲ ಕೆಳಗಿಟ್ಟರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿ, ಬಾಗಿಲ ಬಳಿ ನಿಂತು ನನ್ನ ಮುಖ ನೋಡಿ, "ಏನಿಲ್ಲ, ಸುಮ್ನೆ ಬಂದಿದ್ದೆ. ಬತ್ತೀನಿ" ಎಂದು ಹೊರಟರು. ಅವರ ಮೊಮ್ಮಗನ ಕಾಲೇಜು ಫೀಸಿಗೆ ಅಂದೇ ಕಡೆಯ ದಿನವಿತ್ತೆಂದು ನನಗೆ ತಿಳಿದದ್ದು ವಾರದ ಮೇಲೆ.

ಆ ಹೊತ್ತಿಗಾಗಲೇ ನಾನು ಈ ಪದದ ಏಳೆಂಟು ಅರ್ಥಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಆ ಹಿರಿಯರ ಬಾಯಿಂದ ಅದು ಎರಡು ಸಲ ಬಂದಾಗ, ಕಾರಣವಿಲ್ಲದೆ ಎಂಬ ಅರ್ಥವನ್ನೇ ತೆಗೆದುಕೊಂಡೆ. ಅವತ್ತಿನಿಂದ ಯಾರಾದರೂ ಸುಮ್ನೆ ಬಂದೆ ಎಂದರೆ ಇನ್ನೊಂದು ಲೋಟ ಕಾಫಿ ತರಿಸುತ್ತೇನೆ.

ಇಷ್ಟು ಹೊತ್ತು ಸುಮ್ಮನೆ ಕೂತು ಕೇಳಿದಿರಿ. ಸುಮ್ಮನೆ ಕೂರಲಿಲ್ಲ ಎಂದು ನಂಬಿದ್ದೇನೆ.